ಶಿವಮೊಗ್ಗ ಸೀಮೆಯ ಗರಸು ದಾರಿಗಳಲ್ಲಿ ಸೈಕಲ್ ಸವಾರಿ

ಡಾಂಬರು ರಸ್ತೆ ಬಿಟ್ಟು ಗರಸು, ಕೆಮ್ಮಣ್ಣು, ಜಲ್ಲಿಯ ಹಾದಿಗಳಲ್ಲಿ ಊರಿಂದೂರಿಗೆ ಸೈಕಲ್ ತುಳಿದು ಹೋಗುವ ಸವಾರಿ ಈಗ ಗ್ರಾವೆಲ್ ಸೈಕ್ಲಿಂಗ್ ಎಂಬ ಹೆಸರಿನಲ್ಲಿ ಹಲವು ದೇಶಗಳಲ್ಲಿ ಬೆಳೆದಿದೆ. ಶಿವಮೊಗ್ಗ ಜಿಲ್ಲೆಯಲ್ಲೂ ಅದರ ಅಂಚಿನ ಚನ್ನಗಿರಿ, ತರೀಕೆರೆ ಕಡೆಯಲ್ಲೂ ಇದಕ್ಕೆ ಒದಗುವ ಹಾದಿಗಳು ಬಹುಪಾಲು ನೀರಿನಿಂದ ಹುಟ್ಟಿದವು: ಕೆರೆ ಏರಿ, ಚಾನಲ್ ಏರಿ, ಹೊಳೆದಂಡೆಯ ಬಂಡಿಜಾಡು. ಗುಡಿ, ಮಠ, ಅಗ್ರಹಾರಗಳೂ ನೀರಿದ್ದಲ್ಲೇ ನೆಲೆಯೂರಿದವು. ಹಾಗಾಗಿ ಏರಿ ಹಿಡಿದು ಹೊರಟವರಿಗೆ ಹೊಯ್ಸಳರದೋ ಚಾಲುಕ್ಯರದೋ ಕೆಳದಿಯವರದೋ ಒಂದು ಗುಡಿ ದಾರಿಯಲ್ಲೇ ಸಿಗುತ್ತದೆ. ಶಿವಮೊಗ್ಗ ನಗರದ ನಡುವಿನ ದುರ್ಗಿಗುಡಿ ಹೊರಡುವುದಕ್ಕೆ ಅನುಕೂಲದ ಜಾಗ. ಅಂಗಡಿಗಳು ಬಾಗಿಲು ತೆರೆಯುವ ಮುಂಚೆ ಇಲ್ಲಿಂದ ಹೊರಟರೆ ಬಿ.ಎಚ್. ರಸ್ತೆ, ಸವಳಂಗ ರಸ್ತೆ, ಹೊಳೆಹೊನ್ನೂರು ರಸ್ತೆ ಯಾವುದನ್ನು ಹಿಡಿದರೂ ಅರ್ಧ ಗಂಟೆಯೊಳಗೆ ಊರು ದಾಟಬಹುದು. ಮುಂದೆ ಕೊಟ್ಟಿರುವ ದೂರಗಳು ಬೇರೆ ಹೇಳದಿದ್ದರೆ ಶಿವಮೊಗ್ಗದಿಂದ ಎಣಿಸಿದ ಅಂದಾಜುಗಳು.

ಹಿನ್ನೆಲೆ

ಸೈಕಲ್ಲು ಡಾಂಬರು ರಸ್ತೆಗಿಂತ ಹಳೆಯದು. ಜಾನ್ ಡನ್‌ಲಪ್ 1888ರಲ್ಲಿ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದಾಗ ಯುರೋಪಿನ ಹಳ್ಳಿರಸ್ತೆಗಳೆಲ್ಲ ಮಣ್ಣಿನವು, ಇಲ್ಲವೇ ಕಲ್ಲುಹಾಸಿನವು. 1896ರಲ್ಲಿ ಶುರುವಾದ ಪ್ಯಾರಿಸ್–ರೂಬೆ ಪಂದ್ಯ ಉತ್ತರ ಫ್ರಾನ್ಸಿನ ಕಲ್ಲುಹಾಸಿನ ಹಾದಿಗಳನ್ನು ಇಂದಿಗೂ ಬಿಟ್ಟುಕೊಟ್ಟಿಲ್ಲ. ಬ್ರಿಟನ್ನಿನಲ್ಲಿ 1955ರಲ್ಲಿ ಕಚ್ಚಾ ಹಾದಿಗಳಲ್ಲಿ ಸೈಕಲ್ ತುಳಿಯುವವರು ತಮ್ಮದೇ ಸಂಘ ಕಟ್ಟಿಕೊಂಡರು. ಇಟಲಿಯ ಟಸ್ಕನಿ ಪ್ರಾಂತ್ಯದ ಬಿಳಿ ಮಣ್ಣಿನ ರಸ್ತೆಗಳಿಗೆ ಡಾಂಬರು ಬೀಳದಂತೆ ಉಳಿಸಿಕೊಳ್ಳಬೇಕೆಂಬ ಆಸೆಯಿಂದ 1997ರಲ್ಲಿ ಹಳೆಯ ಸೈಕಲ್‌ಗಳ ಎರೋಯಿಕಾ ಸವಾರಿ ಆರಂಭವಾಯಿತು. ಅಮೆರಿಕದ ಕ್ಯಾನ್ಸಸ್‌ನಲ್ಲಿ 2006ರಿಂದ ನಡೆಯುತ್ತಿರುವ ದೀರ್ಘ ಗರಸು ಪಂದ್ಯ ಈ ಸವಾರಿಗೆ ಮಾರುಕಟ್ಟೆಯನ್ನು ತಂದುಕೊಟ್ಟಿತು. 2022ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಇಟಲಿಯ ವೆನೆಟೊ ಪ್ರಾಂತ್ಯದಲ್ಲಿ ಮೊದಲ ಗ್ರಾವೆಲ್ ವಿಶ್ವ ಚಾಂಪಿಯನ್‌ಷಿಪ್ ನಡೆಸಿತು.

ಪಂದ್ಯದ ಗೊಡವೆಯಿಲ್ಲದೆ ಹಳ್ಳಿ ಮತ್ತು ಹಳೆಯ ಕಟ್ಟಡಗಳನ್ನು ನೋಡುತ್ತ ಹೋಗುವ ಸವಾರಿಯ ತವರು ಫ್ರಾನ್ಸು. ಅಲ್ಲಿನ ದಕ್ಷಿಣದ ಕನಾಲ್ ದು ಮಿದಿ ಎಂಬ ನಾಲೆಯನ್ನು 1666ರಿಂದ 1681ರವರೆಗೆ ಪಿಯೆರ್ ಪೋಲ್ ರಿಕೆ ತೋಡಿಸಿದ. ದೋಣಿಗಳನ್ನು ಎಳೆಯುವ ಕುದುರೆಗಳಿಗೆಂದು ದಂಡೆಯ ಮೇಲೆ ಮಾಡಿದ ದಾರಿಯಲ್ಲಿ ಈಗ ಸೈಕಲ್‌ಗಳು ಓಡುತ್ತವೆ. ಕಾರ್ಕಸೋನ್ ಕೋಟೆ ಅದರ ಮಗ್ಗುಲಲ್ಲೇ ಇದೆ. 1996ರಲ್ಲಿ ಈ ನಾಲೆ ಯುನೆಸ್ಕೊ ಪಟ್ಟಿಗೆ ಸೇರಿತು. ಶಿವಮೊಗ್ಗದ ಚಾನಲ್ ಏರಿಗಳಿಗೆ ಹೋಲಿಸಬಹುದಾದ ದಾರಿ ಹೊರಗೆಲ್ಲಾದರೂ ಇದ್ದರೆ ಇದೇ. ಅಲ್ಲಿ ನಾಲೆ ದೋಣಿಗಾಗಿ, ಇಲ್ಲಿ ಗದ್ದೆಗಾಗಿ ಎಂಬುದಷ್ಟೇ ವ್ಯತ್ಯಾಸ ಎನ್ನುವಂತಿಲ್ಲ. ಅಲ್ಲಿ ಸವಾರರಿಗೆಂದು ನಾಮಫಲಕ, ತಂಗುದಾಣ, ನಕ್ಷೆಗಳಿವೆ, ಇಲ್ಲಿ ಅವಾವುವೂ ಇಲ್ಲ.

ಶಿವಮೊಗ್ಗ ಸೀಮೆಯಲ್ಲಿ ಗರಸು ದಾರಿಯ ಸೈಕಲ್ ಎಂದೂ ವಿನೋದವಾಗಿರಲಿಲ್ಲ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಅಡಿಕೆ ಗೊನೆ, ಸಂತೆಯ ಚೀಲ ಎಲ್ಲವೂ ಅದರ ಕ್ಯಾರಿಯರ್ ಏರಿದ್ದವು. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ತಂದಿತು. ಆಗ ಹಣಕಾಸು ಖಾತೆ ಹೊತ್ತಿದ್ದವರು ಶಿಕಾರಿಪುರದ ಶಾಸಕ ಬಿ.ಎಸ್. ಯಡಿಯೂರಪ್ಪ. ಹೈಸ್ಕೂಲಿಗೆಂದು ದಿನವೂ ಮೂರ್ನಾಲ್ಕು ಕಿಲೋಮೀಟರ್ ಕಚ್ಚಾ ದಾರಿ ತುಳಿದ ಆ ಮಕ್ಕಳಷ್ಟು ಈ ಏರಿಗಳನ್ನು ಬಲ್ಲವರು ಇಂದಿನ ಹವ್ಯಾಸಿಗಳಲ್ಲಿ ಕಡಿಮೆ.

ಸೈಕಲ್ಲು

ಗ್ರಾವೆಲ್ ಸೈಕಲ್ ಎಂದು ಮಾರಾಟವಾಗುವುದು ರೇಸ್ ಸೈಕಲಿನಂತೆ ಬಾಗಿದ ಹ್ಯಾಂಡಲ್ ಇರುವ, 35ರಿಂದ 50 ಮಿ.ಮೀ. ಅಗಲದ ಟೈರು ಹಿಡಿಸುವ, ಡಿಸ್ಕ್ ಬ್ರೇಕಿನ ಗಾಡಿ. ಎರಡು ಚಕ್ರಗಳ ನಡುವಿನ ಅಂತರ ತುಸು ಹೆಚ್ಚಿರುವುದರಿಂದ ಸಡಿಲ ಗರಸಿನ ಮೇಲೆ ಮುಂಚಕ್ರ ಅಡ್ಡಾದಿಡ್ಡಿ ತಿರುಗುವುದಿಲ್ಲ. ವಿಚಿತ್ರವೆಂದರೆ ಅಟ್ಲಾಸ್, ಹೀರೊ ಹೆಸರಿನ ಕಪ್ಪು ಸೈಕಲ್ಲಿನ 28×1½ ಅಂಗುಲದ ಟೈರು ಕೂಡ 40 ಮಿ.ಮೀ. ಹತ್ತಿರದ್ದೇ. ಅದರ ಚೌಕಟ್ಟೂ ಉದ್ದ, ಮುಂಗವೆಯೂ ಓರೆ. ಹಾಲು ಹಾಕುವವರ ಸೈಕಲಿನಲ್ಲಿ ಆಗಲೇ ಇದ್ದ ಗುಣಗಳಿಗೆ ಗೇರು, ಒಳ್ಳೆಯ ಬ್ರೇಕು, ಹಗುರ ತೂಕ ಸೇರಿಸಿ ಹತ್ತಾರು ಪಟ್ಟು ಬೆಲೆ ಹಚ್ಚಿದ್ದಾರೆ ಎಂದರೆ ತಪ್ಪೇನೂ ಆಗದು. ಹಾಗೆಂದು ಕಪ್ಪು ಸೈಕಲಿನಲ್ಲಿ 100 ಕಿ.ಮೀ. ಹೋಗುವುದು ಸುಲಭವಲ್ಲ: ತೂಕ ಇಪ್ಪತ್ತು ಕಿಲೋ ಆಸುಪಾಸು, ಕಡ್ಡಿ ಬ್ರೇಕು ಮಳೆಯಲ್ಲಿ ಹಿಡಿಯುವುದೇ ಇಲ್ಲ.

ಈ ಭಾಗದ ನೆಲಕ್ಕೆ 40 ಮಿ.ಮೀ. ಟೈರು ಸಾಕು. ಗಾಳಿ ಎಷ್ಟಿರಬೇಕೆಂಬುದು ಅದಕ್ಕಿಂತ ಮುಖ್ಯ. ಪಂಪಿನಲ್ಲಿ ಕಲ್ಲಿನಂತೆ ಗಟ್ಟಿಯಾಗುವವರೆಗೆ ಹೊಡೆಯುವ ಅಭ್ಯಾಸ ಡಾಂಬರಿಗೆ ಸರಿ. ಗರಸಿನ ಮೇಲೆ ಸವಾರರ ತೂಕ ನೋಡಿಕೊಂಡು 30ರಿಂದ 45 ಪಿ.ಎಸ್.ಐ. ಒತ್ತಡ ಸಾಕು. ಅಷ್ಟಕ್ಕೆ ಟೈರು ಉಂಡೆಗಲ್ಲಿನ ಮೇಲೆ ಪುಟಿಯದೆ ಅದನ್ನು ಅಪ್ಪಿಕೊಂಡು ಉರುಳುತ್ತದೆ. ಸವಾರರನ್ನು ಇಲ್ಲಿ ಹೆಚ್ಚು ಕಾಡುವುದು ಜಾಲಿ ಮುಳ್ಳು ಮತ್ತು ನೆಗ್ಗಿಲ ಮುಳ್ಳು. ಕೆರೆ ಏರಿಯ ಮೇಲೆ ಬೇಲಿಗೆಂದು ಕಡಿದು ಹಾಕಿದ ಜಾಲಿ ಕೊಂಬೆ ಒಣಗಿ ಮುರಿದು ಹರಡಿರುತ್ತದೆ. ಟ್ಯೂಬಿಲ್ಲದ ಟೈರಿಗೆ ಅಂಟುದ್ರವ ತುಂಬಿಸಿಕೊಂಡವರು ಪಾರಾಗುತ್ತಾರೆ. ಉಳಿದವರು ಎರಡು ಟ್ಯೂಬು, ಪ್ಯಾಚು, ಸೊಲ್ಯೂಷನ್ ಇಲ್ಲದೆ ಹೊರಡಬಾರದು.

ನೆಲ ಮತ್ತು ದಾರಿ

ಜಿಲ್ಲೆಯ ಪಶ್ಚಿಮಕ್ಕೆ ತೀರ್ಥಹಳ್ಳಿ, ಹೊಸನಗರ, ಸಾಗರಗಳ ಮಲೆನಾಡು. ಪೂರ್ವಕ್ಕೆ ಶಿವಮೊಗ್ಗ, ಭದ್ರಾವತಿ, ಶಿಕಾರಿಪುರಗಳ ಅರೆಮಲೆನಾಡು. ಪಶ್ಚಿಮದಲ್ಲಿ ಜಂಬಿಟ್ಟಿಗೆಯ ಕೆಂಪು ನೆಲ. ಬೇಸಿಗೆಯಲ್ಲಿ ಅದು ಕಾದು ಸಿಮೆಂಟಿನಷ್ಟು ಬಿರುಸಾಗುತ್ತದೆ, ಮಳೆಗಾಲದಲ್ಲಿ ಜಾರುತ್ತದೆ. ಪೂರ್ವಕ್ಕೆ ಸರಿದಂತೆ ಗರಸು ಬೆರೆತ ಕೆಂಪು ಮಣ್ಣು, ಚನ್ನಗಿರಿ ಮತ್ತು ಹೊನ್ನಾಳಿ ಕಡೆ ಅಲ್ಲಲ್ಲಿ ಎರೆಭೂಮಿ. ಎರೆಮಣ್ಣು ಒದ್ದೆಯಾದರೆ ಸೈಕಲ್ ಹೋಗುವುದೇ ಇಲ್ಲ. ಮಣ್ಣು ಮಡ್‌ಗಾರ್ಡಿಗೂ ಟೈರಿಗೂ ಮೆತ್ತಿಕೊಂಡು ಚಕ್ರ ನಿಂತುಬಿಡುತ್ತದೆ, ಹೆಗಲ ಮೇಲೆ ಹೊತ್ತೇ ದಾಟಬೇಕು.

ದಾರಿಗಳಲ್ಲಿ ಮೊದಲನೆಯದು ಬಂಡಿದಾರಿ. ಭೂಮಾಪನ ಇಲಾಖೆಯ ಗ್ರಾಮ ನಕಾಶೆಯಲ್ಲಿ ಬಂಡಿದಾರಿಗೆ ಜೋಡಿ ಚುಕ್ಕೆಗೆರೆ, ಕಾಲುದಾರಿಗೆ ಒಂಟಿ ಚುಕ್ಕೆಗೆರೆ ಎಳೆದಿರುತ್ತಾರೆ. ನಕಾಶೆ ಕಂಡ ದಾರಿಯಲ್ಲಿ ಯಾರೂ ಯಾರನ್ನೂ ತಡೆಯುವಂತಿಲ್ಲ. ರೂಢಿಯಿಂದ ಬಂದ ದಾರಿಯ ಮಾತು ಬೇರೆ: ಅದು ಯಾರದೋ ತೋಟದ ಒಳಗೆ ಹಾಯ್ದಿರುತ್ತದೆ, ಅಣ್ಣತಮ್ಮಂದಿರ ನಡುವೆ ವ್ಯಾಜ್ಯವಿದ್ದರೆ ರಾತ್ರೋರಾತ್ರಿ ತಂತಿ ಬೇಲಿ ಎದ್ದಿರುತ್ತದೆ. ಫೋನಿನ ನಕ್ಷೆಗೆ ಈ ಎರಡರ ಭೇದ ತಿಳಿಯದು.

ಎರಡನೆಯದು ಚಾನಲ್ ಏರಿ, ಈ ಸೀಮೆಯ ನಿಜವಾದ ಬಂಡವಾಳ. ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ಹೊರಡುವ ಬಲದಂಡೆ ನಾಲೆ ಸುಮಾರು 103 ಕಿ.ಮೀ., ಎಡದಂಡೆ ನಾಲೆ ಸುಮಾರು 77 ಕಿ.ಮೀ. ಉದ್ದ. ಗಾಜನೂರಿನ ಅಣೆಕಟ್ಟೆಯಿಂದ ತುಂಗಾ ನಾಲೆಗಳು ಹರಿಯುತ್ತವೆ. ಅಲ್ಲಿಂದಲೇ ಹೊರಟ ತುಂಗಾ ಮೇಲ್ದಂಡೆ ನಾಲೆ ಶಿವಮೊಗ್ಗದ ಹೊರವಲಯ ದಾಟಿ ಹಾವೇರಿ ಜಿಲ್ಲೆಯವರೆಗೆ ಹೋಗುತ್ತದೆ. ನೀರಗಂಟಿಗಳೂ ಇಂಜಿನಿಯರುಗಳ ಜೀಪೂ ಓಡಾಡಲೆಂದು ನಾಲೆಯ ಪಕ್ಕ ಗರಸು ಹಾಕಿದ ದಾರಿ ಇರುತ್ತದೆ. ನೀರು ಕೆಳಗಿಳಿಯುತ್ತ ಹರಿಯಬೇಕಾದ್ದರಿಂದ ಈ ದಾರಿಗೂ ಏರು ಎಂಬುದಿಲ್ಲ. ಇಳಿಜಾರು ಕಣ್ಣಿಗೆ ಕಾಣದಷ್ಟು ಸಣ್ಣದು. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಹತ್ತಡಿ ಕೆಳಗೆ ಗದ್ದೆ ಮತ್ತು ಅಡಿಕೆ ತೋಟ. ಗಂಟೆಗೆ 15–18 ಕಿ.ಮೀ. ವೇಗದಲ್ಲಿ ಆಯಾಸವಿಲ್ಲದೆ ಸಾಗಬಹುದು. ಅಪಾಯವೂ ಇಲ್ಲೇ ಇದೆ: ತಡೆಗೋಡೆ ಇಲ್ಲ, ನಾಲೆಯ ಇಳಿಜಾರು ಗೋಡೆಗೆ ಪಾಚಿ ಹಿಡಿದಿರುತ್ತದೆ, ಬಿದ್ದವರು ಈಜು ಬಂದರೂ ಹತ್ತಿ ಬರುವುದು ಕಷ್ಟ. ಕತ್ತಲಲ್ಲಿ ಚಾನಲ್ ಏರಿಯ ಮೇಲೆ ಹೋಗದಿರುವುದೇ ಲೇಸು.

ಹೊಳೆಯ ಎರಡು ದಡ

ಅತಿ ಹತ್ತಿರದ ಸವಾರಿ ಮತ್ತೂರು, ಹೊಸಹಳ್ಳಿಗಳದು. ಹತ್ತು ಕಿ.ಮೀ. ಒಳಗೇ ತುಂಗೆಯ ಎರಡು ದಡಗಳಲ್ಲಿ ಈ ಊರುಗಳು ಎದುರುಬದುರಾಗಿವೆ. ಮತ್ತೂರು 1980ರ ದಶಕದ ಆರಂಭದಿಂದ ಸಂಸ್ಕೃತದ ಊರೆಂದು ಹೆಸರಾಯಿತು. ಹೊಸಹಳ್ಳಿಯದು ಗಮಕದ ಖ್ಯಾತಿ. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಿತು. ತೋಟದ ದಾರಿಗಳಲ್ಲಿ ಅಲ್ಲಿಂದ ಗಾಜನೂರಿನವರೆಗೆ ಮುಂದುವರಿಯುವವರು ಉಂಟು. ನಗರದ ಕೋಟೆ ಭಾಗದಲ್ಲಿರುವ ಶಿವಪ್ಪನಾಯಕನ ಅರಮನೆಯನ್ನು ಹಿಂದಿರುಗುವಾಗ ನೋಡಬಹುದು. ಹೆಸರು ಕೆಳದಿಯ ದೊರೆಯದಾದರೂ ಈ ಮರದ ಕಟ್ಟಡ 18ನೇ ಶತಮಾನದ್ದು, ಹೈದರಾಲಿಯ ಕಾಲಕ್ಕೆ ಸೇರಿದ್ದು ಎಂಬ ಅಭಿಪ್ರಾಯವೇ ಬಲವಾಗಿದೆ. ಅಂಗಳದಲ್ಲಿ ಸುತ್ತಲಿನ ಊರುಗಳಿಂದ ತಂದ ವೀರಗಲ್ಲು, ಶಾಸನ, ವಿಗ್ರಹಗಳಿವೆ.

ಅರ್ಧ ದಿನದ ಸುತ್ತು ಬೇಕಾದವರಿಗೆ ಕೂಡಲಿ–ಹೊಳೆಹೊನ್ನೂರು–ಭದ್ರಾವತಿ. ಒಟ್ಟು 60 ಕಿ.ಮೀ. ಆಸುಪಾಸು. 16 ಕಿ.ಮೀ. ದೂರದ ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ ತುಂಗಭದ್ರೆಯಾಗುತ್ತವೆ. ರಾಮೇಶ್ವರ ಗುಡಿ 12ನೇ ಶತಮಾನದ ಹೊಯ್ಸಳ ರಚನೆ. ಬೇಲೂರಿನ ಶಿಲ್ಪದ ಸಂಭ್ರಮ ಇಲ್ಲಿಲ್ಲ, ಗೋಡೆ ಬೋಳು, ಶಿಖರದ ಅಚ್ಚುಕಟ್ಟು ಮಾತ್ರ ನೋಡುವಂಥದ್ದು. ಸಂಗಮೇಶ್ವರ ಗುಡಿ, ಶೃಂಗೇರಿ ಪರಂಪರೆಯ ಶಾರದಾ ಮಠ, ಅಕ್ಷೋಭ್ಯತೀರ್ಥರ ಪರಂಪರೆಯ ಮಾಧ್ವ ಮಠ ಹೊಳೆಗೆ ಹತ್ತಿರದಲ್ಲೇ ಇವೆ. ಭದ್ರೆಯ ದಡದ ಹೊಳೆಹೊನ್ನೂರಿನಲ್ಲಿ ಸತ್ಯಧರ್ಮತೀರ್ಥರ ವೃಂದಾವನವಿದೆ. ಊರಿನಲ್ಲಿ ಮಂಡಕ್ಕಿ, ಮಿರ್ಚಿ ತಿಂದು ಹೊರಟರೆ ಮುಂದೆ ಗದ್ದೆಬಯಲಿನ ಹಾದಿ ಭದ್ರಾವತಿಯವರೆಗೆ ಸಮತಟ್ಟು.

ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯಲ್ಲಿ ಎರಡು ಕಾಲಗಳ ಕುರುಹುಗಳಿವೆ. ಒಂದು 13ನೇ ಶತಮಾನದ ಲಕ್ಷ್ಮೀನರಸಿಂಹ ಗುಡಿ: ನಕ್ಷತ್ರಾಕಾರದ ಜಗತಿ, ಮೂರು ಗರ್ಭಗುಡಿ. ಇನ್ನೊಂದು ಕಬ್ಬಿಣದ ಕಾರ್ಖಾನೆ. ಮೈಸೂರು ಸರ್ಕಾರ 1918ರಲ್ಲಿ ಕೈಗೆತ್ತಿಕೊಂಡ ಈ ಕೆಲಸ ಮುಗಿದು 1923ರಲ್ಲಿ ಕುಲುಮೆ ಹೊತ್ತಿತು. ಕಲ್ಲಿದ್ದಲಿಲ್ಲದ ಸೀಮೆಯಾದ್ದರಿಂದ ಸುತ್ತಲ ಕಾಡಿನ ಸೌದೆ ಸುಟ್ಟು ಮಾಡಿದ ಇದ್ದಿಲಿನಿಂದಲೇ ಅದಿರನ್ನು ಕರಗಿಸಲಾಗುತ್ತಿತ್ತು. 

ಭದ್ರಾವತಿಯಿಂದ ದಕ್ಷಿಣಕ್ಕೆ ತರೀಕೆರೆ ದಾಟಿದರೆ ಅಮೃತಾಪುರ, ಶಿವಮೊಗ್ಗದಿಂದ 50 ಕಿ.ಮೀ. ಸುಮಾರು. ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ಗುಡಿಯ ಶಾಸನ ಕವಿ ಜನ್ನನ ರಚನೆ. ರೂವಾರಿ ಮಲ್ಲಿತಮ್ಮನ ಕೈಕೆಲಸ ಮೊದಲು ಕಾಣುವುದು ಇಲ್ಲಿಯೇ.

ಬಳ್ಳಿಗಾವೆಯ ಕಡೆ

ಇಡೀ ಸೀಮೆಯಲ್ಲಿ ಒಂದೇ ಸವಾರಿಗೆ ಸಮಯವಿರುವವರು ಉತ್ತರಕ್ಕೆ ಹೋಗಬೇಕು. ಸವಳಂಗ ರಸ್ತೆಯಲ್ಲಿ ಶಿಕಾರಿಪುರ 52 ಕಿ.ಮೀ., ಬಳ್ಳಿಗಾವೆ 72 ಕಿ.ಮೀ.; ಶಿಕಾರಿಪುರದಲ್ಲಿ ತಂಗಿ ಎರಡು ದಿನದ ಸುತ್ತು ಮಾಡಿಕೊಳ್ಳುವುದು ಮೇಲು. ಶಿರಾಳಕೊಪ್ಪದ ಸುತ್ತ ಬಳ್ಳಿಗಾವೆ, ತಾಳಗುಂದ, ಮಳವಳ್ಳಿ, ಉಡುಗಣಿ, ಇನ್ನೂ ಉತ್ತರಕ್ಕೆ ಬಂದಳಿಕೆ, ಕುಬಟೂರು. ಊರಿಂದೂರಿಗೆ ಕೆರೆ, ಕೆರೆಯಿಂದ ಕೆರೆಗೆ ಏರಿ. ಬಿ.ಎಲ್. ರೈಸ್ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಎರಡು ಸಂಪುಟಗಳಲ್ಲಿ 1902 ಮತ್ತು 1904ರಲ್ಲಿ ಪ್ರಕಟಿಸಿದಾಗ ಅತಿ ಹೆಚ್ಚಿನ ಬೆಳಕು ಬಿದ್ದ ಭಾಗಗಳಲ್ಲಿ ಇದೂ ಒಂದು.

ಬನವಾಸಿ ಹನ್ನೆರಡು ಸಾಸಿರ ಪ್ರಾಂತ್ಯದ ಆಡಳಿತ ಕೇಂದ್ರವಾಗಿದ್ದ ಬಳ್ಳಿಗಾವೆಯಲ್ಲಿ ಇಂದು ಹಳ್ಳಿಯ ಮನೆಗಳ ನಡುವೆಯೇ ಸ್ಮಾರಕಗಳಿವೆ. ಕೆರೆಯ ಪಕ್ಕದ ಕೇದಾರೇಶ್ವರ ಗುಡಿಗೆ ಸೇರಿದ್ದ ಕೋಡಿಯ ಮಠ ಕಾಳಾಮುಖ ಶೈವರ ವಿದ್ಯಾಕೇಂದ್ರ. 1162ರ ಶಾಸನವೊಂದು ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತೆಂದೂ ದೀನರಿಗೆ ಅನ್ನ, ರೋಗಿಗಳಿಗೆ ಮದ್ದು ಸಿಗುತ್ತಿತ್ತೆಂದೂ ಹೇಳುತ್ತದೆ. ಊರೊಳಗೆ 1047ರಲ್ಲಿ ನಿಲ್ಲಿಸಿದ ಭೇರುಂಡೇಶ್ವರ ಕಂಬ: ಸುಮಾರು 30 ಅಡಿಯ ಕಲ್ಲಿನ ತುದಿಗೆ ಎರಡು ತಲೆಯ ಹಕ್ಕಿ, ಮೈ ಮಾತ್ರ ಮನುಷ್ಯನದು. ತ್ರಿಪುರಾಂತಕ ಗುಡಿಯ ಜಾಲಂಧ್ರಗಳನ್ನು ಹತ್ತಿರ ನಿಂತು ನೋಡಬೇಕು. ಬೇಲೂರಿನ ಶಿಲ್ಪಿಗಳಲ್ಲಿ ಹೆಸರಾದ ದಾಸೋಜ ತಾನು ಬಳ್ಳಿಗಾವೆಯವನೆಂದು ಬರೆಸಿಕೊಂಡಿದ್ದಾನೆ. ಅಲ್ಲಮಪ್ರಭುವಿನ ಊರೆಂದು ಬಳ್ಳಿಗಾವೆಗೆ, ಅಕ್ಕಮಹಾದೇವಿಯ ಊರೆಂದು ಉಡುಗಣಿಗೆ ಶರಣರ ನೆನಪೂ ಅಂಟಿಕೊಂಡಿದೆ.

ತಾಳಗುಂದ ಬಳ್ಳಿಗಾವೆಯಿಂದ ಸೈಕಲಿಗೆ ಕಾಲು ಗಂಟೆಯ ದಾರಿ. ಪ್ರಣವೇಶ್ವರ ಗುಡಿಯ ಮುಂದಿನ ಕಲ್ಲುಕಂಬದ ಸಂಸ್ಕೃತ ಶಾಸನ 5ನೇ ಶತಮಾನದ ನಡುವಿನದು. ಕವಿಯ ಹೆಸರು ಕುಬ್ಜ, ಬರೆಸಿದವನು ಕದಂಬ ಶಾಂತಿವರ್ಮ. ಕಂಚಿಗೆ ಓದಲು ಹೋದ ಮಯೂರಶರ್ಮ ಪಲ್ಲವರ ಕುದುರೆ ಸವಾರನೊಡನೆ ಜಗಳವಾಡಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ ಕಥೆ ನಮಗೆ ಸಿಗುವುದು ಈ ಕಂಬದಿಂದಲೇ. ಶಾಲೆಯ ಪಾಠದಲ್ಲಿ ಬಿಟ್ಟುಹೋಗುವ ಒಂದು ಸಂಗತಿ ಇದೆ: ಶಾಸನ ಹುಟ್ಟಿದ್ದು ರಾಜನ ಹೊಗಳಿಕೆಗೆ ಮಾತ್ರವಲ್ಲ, ಶಾಂತಿವರ್ಮನ ತಂದೆ ಕಾಕುಸ್ಥವರ್ಮ ಗುಡಿಯ ಬಳಿ ತೋಡಿಸಿದ ಕೆರೆಯನ್ನು ದಾಖಲಿಸುವುದಕ್ಕೆ. ಅದೇ ಆವರಣದಲ್ಲಿ ಸಿಕ್ಕ ಸಿಂಹಕಟಾಂಜನದ ಶಾಸನವನ್ನು ಪುರಾತತ್ವ ಇಲಾಖೆ ಕ್ರಿ.ಶ. 370ರದೆಂದು ಗುರುತಿಸಿದ ಮೇಲೆ, ಕನ್ನಡದ ಮೊದಲ ಶಾಸನ ಹಲ್ಮಿಡಿಯದೋ ತಾಳಗುಂದದ್ದೋ ಎಂಬ ಚರ್ಚೆ ಎದ್ದಿತು.

ಇದೇ ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡ ಊರು. 1943ರಲ್ಲಿ ಅಲ್ಲಿನ ಐವರನ್ನು ಗಲ್ಲಿಗೇರಿಸಲಾಯಿತು.

ಕೆಳದಿ, ಇಕ್ಕೇರಿ

ಪಶ್ಚಿಮದ ಸವಾರಿಗೆ ರೈಲು ನೆರವಾಗುತ್ತದೆ. ಬೀರೂರು–ಶಿವಮೊಗ್ಗ ರೈಲುದಾರಿ 1899ರಲ್ಲಿ ತೆರೆದದ್ದು. ಸಾಗರದ ಮೂಲಕ 1940ರಲ್ಲಿ ತಾಳಗುಪ್ಪ ಮುಟ್ಟಿತು. ನಡುವಿನ ಅರಸಾಳು ನಿಲ್ದಾಣ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಚಿತ್ರೀಕರಣದಿಂದ ಹೆಸರಾಗಿ ಈಗ ಅಲ್ಲೊಂದು ಮ್ಯೂಸಿಯಂ ಇದೆ. ಆನಂದಪುರದ ಬಳಿ ಕೆಳದಿ ಅರಸರ ಕಾಲದ ಚಂಪಕ ಸರಸ್ಸು ಎಂಬ ಮೆಟ್ಟಿಲುಕೊಳ ಹೂಳು ತೆಗೆಸಿಕೊಂಡು ಮತ್ತೆ ತುಂಬಿದೆ.

ಸಾಗರದಿಂದ ಕೆಳದಿಯೂ ಇಕ್ಕೇರಿಯೂ ಹತ್ತು ಕಿ.ಮೀ. ಒಳಗಿನವು, ಒಂದು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ. 1499ರಿಂದ 1763ರವರೆಗೆ ಆಳಿದ ಕೆಳದಿ ನಾಯಕರ ಮೊದಲ ಎರಡು ರಾಜಧಾನಿಗಳಿವು. ಇಕ್ಕೇರಿಯ ಅಘೋರೇಶ್ವರ ಗುಡಿಯ ನೆಲಹಾಸಿನ ಮೇಲೆ ಮೂವರು ನಾಯಕರು ಅಡ್ಡಬಿದ್ದ ಚಿತ್ರಗಳಿವೆ. ಒಬ್ಬನ ಕೈಕಾಲಿಗೆ ಸಂಕೋಲೆ. ಅದಕ್ಕಿಂತ ಕುತೂಹಲದ್ದು ಅಲ್ಲಿನ ನಡುಗಂಬಗಳ ಅಂತರ. ತೋಟದ ಅಳತೆಗೆ ಅದೇ ಮಾನ: ಸುಮಾರು 18 ಅಡಿ 6 ಅಂಗುಲದ ಆ ಕೋಲಿನ ಪ್ರಮಾಣವನ್ನು ದಾಯವೆಂದು ಕರೆದು, ಒಂದು ಮರಕ್ಕೆ ಅಷ್ಟು ಜಾಗವೆಂದು ಲೆಕ್ಕ ಹಿಡಿಯುತ್ತಿದ್ದರು. ಶಿವಪ್ಪನಾಯಕ (ಆಳ್ವಿಕೆ 1645–1660) ಕಂದಾಯಕ್ಕೆ ಹಾಕಿಕೊಟ್ಟ ‘ಶಿಸ್ತು’ ಪ್ರಸಿದ್ಧ. ಸವಾರರು ಗುಡಿಗೆ ಬರುವಾಗ ಹಾದು ಬಂದ ಅಡಿಕೆ ತೋಟಗಳಂಥವನ್ನೇ ಆ ಲೆಕ್ಕ ಅಳೆದದ್ದು.

ಇನ್ನೂ ಪಶ್ಚಿಮಕ್ಕೆ ನಗರವೆಂಬ ಊರಿನ ಕೋಟೆ, ಕವಲೇದುರ್ಗ, ಹುಂಚ, ಕುಪ್ಪಳಿಗಳಿವೆ. ನೋಡಬೇಕಾದವೇ ಆದರೂ ಘಟ್ಟದ ಏರಿಳಿತದಿಂದಾಗಿ ಆ ಸವಾರಿ ಬೇರೆಯೇ ಬಗೆಯದು.

ಕಾಲ, ಕಟ್ಟುಪಾಡು

ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ದಾರಿಗಳನ್ನು ಮರೆತುಬಿಡಬೇಕು; ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಸುಗ್ಗಿಯಲ್ಲಿ ಬೇರೆ ಬಗೆಯ ಅಡ್ಡಿಗಳು: ಶಿಕಾರಿಪುರ, ನ್ಯಾಮತಿ ಕಡೆ ಮೆಕ್ಕೆಜೋಳವನ್ನು ರಸ್ತೆಯ ಮೇಲೇ ಒಣಗಿಸುತ್ತಾರೆ, ಅದರ ಮೇಲೆ ಚಕ್ರ ಹತ್ತಿಸಿದರೆ ಬೈಗುಳ ಖಚಿತ. ದೀಪಾವಳಿಯ ನಂತರ ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಹೋರಿ ಬೆದರಿಸುವ ಹಬ್ಬ ನಡೆಯುವ ದಿನ ಆ ಊರಿನ ಬೀದಿಗೆ ಸೈಕಲ್ ಇಳಿಸುವುದು ಜಾಣತನವಲ್ಲ.

ಶೆಟ್ಟಿಹಳ್ಳಿ ವನ್ಯಧಾಮ, ಭದ್ರಾ ಹುಲಿ ಮೀಸಲು ಪ್ರದೇಶಗಳ ಒಳದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಪ್ರವೇಶವಿಲ್ಲ. ನಕ್ಷೆಯಲ್ಲಿ ದಾರಿ ಎಷ್ಟೇ ಚೆಂದ ಕಂಡರೂ ಅಲ್ಲಿ ಆನೆಗಳಿವೆ. ಸಂರಕ್ಷಿತ ಸ್ಮಾರಕಗಳ ಆವರಣದೊಳಗೆ ಸೈಕಲ್ ತಳ್ಳಿಕೊಂಡೂ ಹೋಗುವಂತಿಲ್ಲ. ಗೇಟಿನ ಕಾವಲುಗಾರರಿಗೆ ಹೇಳಿ ಹೊರಗೆ ನಿಲ್ಲಿಸುವುದು ವಾಡಿಕೆ. ಪಂಕ್ಚರ್ ಅಂಗಡಿ ಹೋಬಳಿ ಮಟ್ಟದ ಊರುಗಳಲ್ಲೆಲ್ಲ ಸಿಗುತ್ತದೆ, ಆದರೆ ಡಿಸ್ಕ್ ಬ್ರೇಕಿನ ಪ್ಯಾಡು, ಹತ್ತು–ಹನ್ನೊಂದು ಗೇರಿನ ಚೈನಿನ ಕೊಂಡಿ ಬೇಕೆಂದರೆ ಶಿವಮೊಗ್ಗಕ್ಕೇ ಬರಬೇಕು.

ದಾರಿಗಳೂ ಇದ್ದಂತೆ ಇರುವುದಿಲ್ಲ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ, ನಮ್ಮ ಗ್ರಾಮ ನಮ್ಮ ರಸ್ತೆ ಯೋಜನೆಗಳಿಂದ ಹಳ್ಳಿರಸ್ತೆಗಳು ಡಾಂಬರು, ಕಾಂಕ್ರೀಟ್ ಕಂಡಿವೆ. ಊರವರಿಗೆ ಬೇಕಾದದ್ದೂ ಅದೇ. ಮತ್ತೊಂದು ಕಡೆ ಉದ್ಯೋಗ ಖಾತ್ರಿಯಲ್ಲಿ ನಮ್ಮ ಹೊಲ ನಮ್ಮ ದಾರಿ ಎಂದು ಹೊಲಗಳಿಗೆ ಹೊಸ ಗರಸು ದಾರಿಗಳು ಬಿದ್ದಿವೆ, ಅವು ಯಾವ ನಕ್ಷೆಯಲ್ಲೂ ಇನ್ನೂ ಸೇರಿಲ್ಲ. ಚಾನಲ್ ಏರಿ ಮಳೆಗೆ ಕುಸಿದಿರಬಹುದು, ದುರಸ್ತಿಗೆಂದು ಅಗೆದಿರಬಹುದು. ಬೆಳಗ್ಗೆ ಹಾಲು ಹಾಕುವ ಹೊತ್ತಿಗೆ ಯಾವುದೇ ಊರಿನ ಡೇರಿಯ ಮುಂದೆ ನಿಂತು ಕೇಳಿದರೆ ಮುಂದಿನ ಹತ್ತು ಕಿಲೋಮೀಟರಿನ ಸ್ಥಿತಿ ತಿಳಿಯುತ್ತದೆ.